ಜೊತೆಗೆ ಬಂದ ಸಂಬಲ್ ಪೊಟ್ಟಣ

ಮೆಲಾಕಾ
3 ಫೆಬ್ರವರಿ 2025

ಪ್ರಿಯ ವಿನೋದಾ,

ವಾಟ್ಸಾಪ್ ಬಿಟ್ಟು ಈಮೇಲಿಗೆ ಬಂದಿದ್ದೇನೆ, ಕಾರಣವಿದೆ. ಮೊನ್ನೆ ನೀನು ಕಳಿಸಿದ ಸಾಲನ್ನು ಅಕ್ಷರ ಬಿಡದೆ ನಮ್ಮ ಲ್ಯಾಬಿನ ಕಂಪ್ಯೂಟರಿಗೆ ಹೊಡೆದೆ. 'ಅಂಥ ಆಜ್ಞೆಯೇ ಇಲ್ಲ' ಎಂದಿತು. ಮತ್ತೆ ಹೊಡೆದೆ, ಮತ್ತೆ ಅದೇ ಉತ್ತರ. ನಮ್ಮ ಮೈಸೂರು ಹಾಸ್ಟೆಲಿನ ವಾರ್ಡನ್ ನೆನಪಾದರು. ಆಮೇಲೆ ನೋಡಿದರೆ ನಿನ್ನ ಫೋನು ಮೊದಲ ಅಕ್ಷರವನ್ನು ತಾನಾಗಿ ದೊಡ್ಡದು ಮಾಡಿ ಕಳಿಸಿದೆ. ಈ ಯಂತ್ರಕ್ಕೆ ದೊಡ್ಡ ಎಸ್ ಬೇರೆ, ಸಣ್ಣ ಎಸ್ ಬೇರೆಯಂತೆ. ಆದ್ದರಿಂದ ಕಾಗದ ಬರೆದ ಹಾಗೆ ಸಾವಕಾಶವಾಗಿ ಬರೆ, ಪೆದ್ದಿಗೆ ಹೇಳುವ ಹಾಗೆ ಹೇಳು.

ಸಂಗತಿ ಏನೆಂದರೆ, ಔಷಧಿ ಕೊಡಲಾರದ ಡಾಕ್ಟರಾದ ನಾನು ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಬ್ಯಾಕ್ಟೀರಿಯಾ ಸಾಕುವ ಪಾಠ ಹೇಳುತ್ತೇನಲ್ಲ, ನನ್ನ ಹುಡುಗರು ತಟ್ಟೆಗಳಲ್ಲಿ ಬೆಳೆಸಿದ ಕಾಲೊನಿಗಳ ಫೋಟೋ ತೆಗೆದು ಈ ಕಂಪ್ಯೂಟರಿಗೆ ಕೊಡುತ್ತಾರೆ. ಅದರಲ್ಲಿರುವ ಒಂದು ಪ್ರೋಗ್ರಾಮು ಕಾಲೊನಿಗಳನ್ನು ಎಣಿಸಿ ಹೇಳುತ್ತದೆ. ಅದನ್ನು ಬರೆದು ಕೂರಿಸಿದವರು ಅಬೀದ್ ಸರ್. ಅವರು ಹೋದ ವರ್ಷ ಕೆಲಸ ಬಿಟ್ಟು ದೇಶಾಂತರ ಹೋದರು. ಈಗ ಹುಡುಗರ ಹೊಸ ಫೋನುಗಳು ತೆಗೆಯುವ ಫೋಟೋ ಅದಕ್ಕೆ ಓದಲು ಬರುವುದಿಲ್ಲ. ಪರಿವರ್ತಿಸುವ ಏನನ್ನೋ ಹಾಕೋಣವೆಂದರೆ ಒಳಗೆ ಜಾಗವಿಲ್ಲ. ಕಾಲೇಜಿನ ಕಂಪ್ಯೂಟರ್ ವಿಭಾಗದವರನ್ನು ಕರೆದರೆ, ಬಂದು ಕಪ್ಪು ಪರದೆ ನೋಡಿ, "ಡಾಕ್ಟರ್, ದಿಸ್ ಒನ್ ನಾಟ್ ಅವರ್ಸ್ ಲಾ" ಎಂದು ಚಹಾ ಕುಡಿದು ಹೋದರು.

ನಿನ್ನ ಆಫೀಸಿನ ಗಡಿಬಿಡಿಯಲ್ಲಿ ತೊಂದರೆ ಕೊಡುತ್ತಿದ್ದೇನೆ, ಗೊತ್ತು. ದೀಪಾವಳಿಗೆ ಕನ್ನಡದವರ ಊಟದಲ್ಲಿ ಅಷ್ಟು ವರ್ಷದ ಮೇಲೆ ಸಿಕ್ಕಾಗ "ಏನು ಮಾಡ್ತಿದೀಯೇ?" ಅಂದೆ, "ಅದೇ, ಲಿನಕ್ಸು, ಸರ್ವರ್ರು" ಅಂದೆ ನೀನು. ಅಂದಿನಿಂದ ಪೆಟಾಲಿಂಗ್ ಜಯಾದ ಯಾವುದೋ ಗಾಜಿನ ಕಟ್ಟಡದ ಹನ್ನೆರಡನೇ ಮಹಡಿಯಲ್ಲಿ ನೀನು ಕಾಲ ಮೇಲೆ ಕಾಲು ಹಾಕಿ ಕೂತಿರುವುದೇ ನನ್ನ ಕಣ್ಣಿಗೆ ಕಟ್ಟಿದೆ.

ನಿನ್ನ
ಝುಬೇದಾ


ಪೆಟಾಲಿಂಗ್ ಜಯಾ
4 ಫೆಬ್ರವರಿ 2025

ಪ್ರಿಯ ಝುಬೀ,

ಹನ್ನೆರಡಲ್ಲ, ಒಂಬತ್ತನೇ ಮಹಡಿ. ಕಾಲ ಮೇಲೆ ಕಾಲು ಹಾಕಿರುವುದು ನಿಜ.

ಪಾಠ ಶುರು. ಪ್ರತಿ ಸಾಲಿನ ಮೊದಲಲ್ಲಿ ಬರುವುದು ಸುಡೋ. ಹೆಸರೇ ಎಚ್ಚರಿಕೆ: ಅದನ್ನು ಹಾಕಿ ಹೇಳಿದರೆ ಯಂತ್ರ ನಿನ್ನನ್ನು ಯಜಮಾನಿ ಎಂದು ನಂಬಿ ಹೇಳಿದ್ದೆಲ್ಲ ಮಾಡುತ್ತದೆ, ಸುಡು ಎಂದರೂ ಸುಡುತ್ತದೆ. ಎರಡನೆಯದು ಆಪ್ಟ್. ಅದನ್ನು ನಾನು ಆಪ್ತ ಎಂದೇ ಓದುವುದು. ಬೇಕಾದ್ದನ್ನು ತರಿಸುವುದು, ಬೇಡದ್ದನ್ನು ಹೊರಗೆ ಹಾಕುವುದು, ಎರಡೂ ಆಪ್ತನದೇ ಕೆಲಸ.

ಪ್ಯಾಕೇಜ್ ಎಂದರೆ ಗಾಬರಿ ಬೇಡ. ಮಾಮಾಕ್ ಹೋಟೆಲಿನಿಂದ ನಾಸಿ ಲೆಮಾಕ್ ಅನ್ನವನ್ನು ತಪಾವ್ ಕಟ್ಟಿಸಿಕೊಂಡು ಬರುತ್ತೀಯಲ್ಲ, ಅದೇ ಲೆಕ್ಕ. ನೀನು ಕೇಳುವುದು ಅನ್ನವನ್ನು. ಜೊತೆಗೆ ಖಾರದ ಚಟ್ನಿ ಸಂಬಲ್‌ನದೊಂದು ಪುಟ್ಟ ಪೊಟ್ಟಣ ತಾನಾಗಿ ಬರುತ್ತದೆ, ಏಕೆಂದರೆ ಅದಿಲ್ಲದೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಇಲ್ಲೂ ಹಾಗೇ. ನೀನು ಒಂದು ಪ್ಯಾಕೇಜಿನ ಹೆಸರು ಹೇಳಿದರೆ ಅದು ಓಡಲು ಬೇಕಾದ ಸಣ್ಣಪುಟ್ಟವನ್ನೆಲ್ಲ ಆಪ್ತನೇ ಕಟ್ಟಿ ತರುತ್ತಾನೆ. ತಂದು ಗುರುತು ಹಾಕಿಟ್ಟುಕೊಳ್ಳುತ್ತಾನೆ: ಇದು ಹೆಸರು ಹಿಡಿದು ಕರೆದದ್ದು, ಇದು ಜೊತೆಗೆ ಬಂದದ್ದು.

ಜಾಗ ಮಾಡಲು ಮೊದಲು ಅಬೀದ್ ಸರ್ ಅವರ ಇಸ್ಪೀಟು ಆಟವನ್ನು ತೆಗೆ. ಇದ್ದೇ ಇರುತ್ತದೆ, ಸಂಶೋಧಕರ ಕಂಪ್ಯೂಟರುಗಳೆಲ್ಲ ನನಗೆ ಗೊತ್ತು. ಎಲ್ಲವೂ ಸಣ್ಣಕ್ಷರ:

sudo apt remove aisleriot

ಆಮೇಲೆ ಅಂಗಡಿಯ ಹೊಸ ಪಟ್ಟಿ ತರಿಸಿ, ಫೋಟೋ ಪರಿವರ್ತಿಸುವುದನ್ನು ಕರೆ:

sudo apt update
sudo apt install libheif-examples

ನಡುವೆ ಹೌದೋ ಅಲ್ಲವೋ ಎಂದು ಕೇಳುತ್ತದೆ. ಓದಿ, ವೈ ಒತ್ತು. ಓದದೆ ಒತ್ತಬೇಡ. ಎಂದಾದರೂ ಅದು, 'ಹೌದು, ನಾನು ಹೇಳಿದಂತೆ ಮಾಡು!' ಎಂದು ಇಡೀ ವಾಕ್ಯವನ್ನೇ ಟೈಪ್ ಮಾಡಲು ಕೇಳಿದರೆ, ಯಂತ್ರದ ಬೆನ್ನುಮೂಳೆಯನ್ನೇ ಕೀಳಲು ಹೊರಟಿದ್ದೀಯ ಎಂದರ್ಥ. ಎದ್ದು ಹೋಗಿ ಒಂದು ಲೋಟ ತೇ ತಾರಿಕ್ ಚಹಾ ಕುಡಿ.

ವಿನೋದಾ


ಮೆಲಾಕಾ
9 ಫೆಬ್ರವರಿ 2025

ವಿನೂ,

ಇಸ್ಪೀಟು ಹೋಯಿತು, ಫೋಟೋ ಬಂತು, ಎಣಿಕೆ ನಡೆದಿದೆ. ನಾನು ಕಪ್ಪು ಪರದೆಯ ಮುಂದೆ ಕೂತು ಟಕಟಕ ಹೊಡೆಯುವುದನ್ನು ನೋಡಲೆಂದೇ ನನ್ನ ವಿದ್ಯಾರ್ಥಿನಿ ಶಿಫಾ ಇನ್ನಿಬ್ಬರನ್ನು ಕರೆತಂದಳು. ಮನೆಯಲ್ಲಿ ನನ್ನ ಗಂಡ ನಝೀರ್‌ಗೆ ಹೇಳಿದೆ, "ಇವತ್ತೊಬ್ಬರು ನಾನು ಹೇಳಿದ್ದನ್ನು ಮಾಡುವ ಮುಂಚೆ, ಖಂಡಿತ ಮಾಡಲೇ ಅಂತ ಕೇಳಿದ್ರು." ಅವರು ಪೇಪರಿನಿಂದ ತಲೆ ಎತ್ತದೆ, "ಕೇಳಿದ್ರಲ್ಲ, ಅಷ್ಟಕ್ಕೇ ಖುಷಿಪಡು" ಎಂದರು.

ಈಗ ಇನ್ನೊಂದು ವಿಷಯ. ಲ್ಯಾಬುಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳಲೆಂದೇ ಒಬ್ಬರನ್ನು ನೇಮಿಸಿಕೊಳ್ಳಲು ಕಾಲೇಜು ಒಪ್ಪಿದೆ. ವಿದೇಶದವರಾದರೆ ಇಲ್ಲಿದ್ದು ಕೆಲಸ ಮಾಡುವ ಪಾಸಿನ ವ್ಯವಸ್ಥೆಯೂ ಕಾಲೇಜಿನದೇ. ಅರ್ಜಿಗೆ ಮಾರ್ಚ್ ಮಧ್ಯದವರೆಗೆ ಸಮಯ, ಸಂದರ್ಶನ ಈದ್ ಮುಗಿದ ಮೇಲೆ. ನಿನ್ನ ಕೈಕೆಳಗೆ ಪಳಗಿದ ಯಾರಾದರೂ ಇದ್ದರೆ ಹೇಳು. ನಿನ್ನನ್ನೇ ಕರೆಯೋಣವೆಂದರೆ ನಿಮ್ಮಂಥ ಕಂಪನಿಯವರ ಸಂಬಳಕ್ಕೆ ನಮ್ಮ ಕಾಲೇಜು ಎಟುಕುವುದಿಲ್ಲ, ಕೇಳಿ ನಗೆಪಾಟಲಾಗಲಾರೆ.

ಝುಬೇದಾ


ಪೆಟಾಲಿಂಗ್ ಜಯಾ
10 ಫೆಬ್ರವರಿ 2025
(ಡ್ರಾಫ್ಟ್, ಕಳಿಸಿಲ್ಲ)

ಝುಬೀ,

ನನ್ನ ಕೈಕೆಳಗೆ ಪಳಗಿರುವುದು ಒಂದು ಪ್ರೆಶರ್ ಕುಕ್ಕರು. ಒಂಬತ್ತನೇ ಮಹಡಿ ನಮ್ಮ ಮನೆ, ಆಫೀಸಲ್ಲ. ಬೆಂಗಳೂರಿನಲ್ಲಿ ಸರ್ವರುಗಳನ್ನು ನೋಡಿಕೊಳ್ಳುತ್ತಿದ್ದದ್ದು ನಿಜ, ಇಲ್ಲಿಗೆ ಬಂದ ಮೇಲೆ ಆರು ವರ್ಷದಿಂದ ಒಂದು ದಿನವೂ ಕೆಲಸ ಮಾಡಿಲ್ಲ. ನನ್ನ ಪಾಸ್‌ಪೋರ್ಟಿನಲ್ಲಿರುವುದು ಗಂಡನ ಕೆಲಸದ ಮೇಲೆ ಸಿಕ್ಕ ಅವಲಂಬಿತರ ಪಾಸು, ಅದರಲ್ಲಿ ಕೆಲಸ ಮಾಡುವಂತಿಲ್ಲ. ದೀಪಾವಳಿಯ ದಿನ ನೀನು ಕೇಳಿದಾಗ ಹಳೆಯ ಉತ್ತರವೇ ಬಾಯಿಗೆ ಬಂತು. ತಿದ್ದೋಣವೆನ್ನುವಷ್ಟರಲ್ಲಿ ಯಾರೋ ಒಬ್ಬಟ್ಟು ಬಡಿಸಿದರು.

ಕಾರ್ತಿಕ್‌ನ ಕಾಂಟ್ರಾಕ್ಟು ಜೂನ್ ಕೊನೆಗೆ ಮುಗಿಯುತ್ತದೆ. ಮುಂದುವರಿಸುವುದಿಲ್ಲ ಎಂದು ಹೇಳಿಬಿಟ್ಟಿದ್ದಾರೆ. ಅವನ ಪಾಸು ಹೋದರೆ ನನ್ನದೂ ಮಗಳು ಧನುಶ್ರೀಯದೂ ತಾನಾಗಿ ಹೋಗುತ್ತವೆ. ಧನು ಆರು ವರ್ಷದವಳಿದ್ದಾಗ ಇಲ್ಲಿಗೆ ಬಂದವಳು. ನಾನು ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ವಾದ ಮಾಡುತ್ತಾಳೆ, ಅಳುವಾಗ ಮಾತ್ರ ಕೊನೆಗೆ ಇಲ್ಲಿಯವರ ಹಾಗೆ ಒಂದು 'ಲಾ' ಸೇರಿಸುತ್ತಾಳೆ. ಮೊನ್ನೆ ಸೇರಿಸಿದಳು.

ಆ ಕೆಲಸ ನನಗೆ ಬೇಕು ಕಣೇ. ಆದರೆ ಸಂಬಳಕ್ಕೆ ಎಟುಕದವಳು ಎಂದು ನೀನು ಬರೆದ ಮೇಲೆ


ಪೆಟಾಲಿಂಗ್ ಜಯಾ
11 ಫೆಬ್ರವರಿ 2025

ಝುಬೀ,

ಸದ್ಯಕ್ಕೆ ಯಾರೂ ಹೊಳೆಯುತ್ತಿಲ್ಲ, ನೋಡುತ್ತೇನೆ.

ಅಲ್ಲಿಯವರೆಗೆ ಸಂದರ್ಶನಕ್ಕೊಂದು ಪ್ರಶ್ನೆ ಇಟ್ಟುಕೊ: 'ಒಂದು ಪ್ಯಾಕೇಜನ್ನು ತೆಗೆದಿರಿ. ಇದರ ಜೊತೆಗೆ ಬಂದಿದ್ದ ಇಂತಿಂಥವು ಈಗ ಬೇಡವಾಗಿವೆ, ಆಟೋರಿಮೂವ್ ಎಂದರೆ ಅವನ್ನೂ ತೆಗೆಯುತ್ತೇನೆ ಎಂದು ಯಂತ್ರ ಹೇಳುತ್ತದೆ. ನೀವೇನು ಮಾಡುತ್ತೀರಿ?' ಉತ್ತರ ಆಮೇಲೆ ಕಳಿಸುತ್ತೇನೆ. ಈಗಲೇ ಹೇಳಿದರೆ ಬಂದ ಅಭ್ಯರ್ಥಿಗೆಲ್ಲ ಕಣ್ಸನ್ನೆ ಮಾಡುತ್ತೀಯ. ಬಿಎಸ್ಸಿ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನೀನು ಮಾಡಿದ್ದು ಮರೆತಿಲ್ಲ.

ವಿ.


ಮೆಲಾಕಾ
27 ಫೆಬ್ರವರಿ 2025

ವಿನೋದಾ,

ಎರಡು ವಾರ ಕಾದೆ. ಯಾರನ್ನೂ ಸೂಚಿಸಲಿಲ್ಲ, ಉತ್ತರವನ್ನೂ ಕಳಿಸಲಿಲ್ಲ. ಇರಲಿ, ದೊಡ್ಡ ಕಂಪನಿಯವರಿಗೆ ಪುರುಸೊತ್ತಿಲ್ಲ. ಇದು ಕಡೆಯ ತೊಂದರೆ ಎಂದುಕೋ.

ಎಣಿಸುವ ಪ್ರೋಗ್ರಾಮು ನಿಂತಿದೆ. ತಪ್ಪು ನನ್ನದು. ಮತ್ತೆ ಜಾಗ ಸಾಲದೆ ಬಂದಾಗ, ಅಬೀದ್ ಸರ್ ಹಾಕಿದ್ದ ಚಿತ್ರ ತಿದ್ದುವ ದೊಡ್ಡ ಪ್ಯಾಕೇಜನ್ನು ನೀನು ಕಲಿಸಿದಂತೆಯೇ ತೆಗೆದೆ. ಅದನ್ನು ಇಲ್ಲಿ ಯಾರೂ ಬಳಸುವುದಿಲ್ಲ. ಆಗ ಯಂತ್ರ ನಿನ್ನ ಪ್ರಶ್ನೆಯನ್ನೇ ನನಗೆ ಕೇಳಿತು! ಇಂತಿಂಥವು ಬೇಡವಾಗಿವೆ ಎಂದು ಉದ್ದನೆಯ ಪಟ್ಟಿ ಕೊಟ್ಟಿತು. ಉತ್ತರ ನನಗೆ ಗೊತ್ತೇ ಇದೆ ಎಂದುಕೊಂಡೆ. ನಮ್ಮ ಲ್ಯಾಬಿನ ಮೊದಲ ನಿಯಮವೇ ಅದು: ಕೆಲಸ ಮುಗಿದ ತಟ್ಟೆಯನ್ನು ಮೇಜಿನ ಮೇಲೆ ಉಳಿಸಬಾರದು, ಬೇಯಿಸಿ ಎಸೆಯಬೇಕು, ಇಲ್ಲದಿದ್ದರೆ ಸೋಂಕು. ಎಸೆದೆ. ಮರುದಿನ ಶಿಫಾ ಫೋಟೋ ಕೊಟ್ಟರೆ ಪ್ರೋಗ್ರಾಮು ಯಾವುದೋ ಕಡತ ಸಿಗುತ್ತಿಲ್ಲವೆಂದು ಹೇಳಿ ಮಲಗಿತು.

ಒಂದು ಮಾತ್ರ ಮಾಡಿದ್ದೇನೆ. ತಟ್ಟೆ ಎಸೆಯುವ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳುವುದು ನಮ್ಮ ಪದ್ಧತಿ. ಕೈ ರೂಢಿಯಲ್ಲಿ ಆ ಪಟ್ಟಿಯ ಫೋಟೋವನ್ನೂ ತೆಗೆದಿದ್ದೆ. ಇದರ ಜೊತೆ ಕಳಿಸಿದ್ದೇನೆ. ಹುಡುಗರು ಪ್ರಾಜೆಕ್ಟು ಒಪ್ಪಿಸುವ ದಿನ ಹತ್ತಿರ ಬಂದಿದೆ.

ಝುಬೇದಾ


ಪೆಟಾಲಿಂಗ್ ಜಯಾ
27 ಫೆಬ್ರವರಿ 2025

ಝುಬೀ,

ತಪ್ಪು ನಿನ್ನದಲ್ಲ. ಉತ್ತರವನ್ನು ಬಚ್ಚಿಟ್ಟುಕೊಂಡವಳು ನಾನು. ಫೋಟೋ ತೆಗೆದ ನಿನ್ನ ಕೈಗೆ ಚಿನ್ನದ ಬಳೆ ತೊಡಿಸಬೇಕು.

ಆದದ್ದು ಇಷ್ಟು. ಅಬೀದ್ ಸರ್ ತಮ್ಮ ಎಣಿಕೆಯ ಪ್ರೋಗ್ರಾಮನ್ನು ಆಪ್ತನ ಕೈಯಲ್ಲಿ ತರಿಸಲಿಲ್ಲ, ತಾವೇ ತಂದು ಇಟ್ಟುಬಿಟ್ಟರು. ಅಂಥದ್ದೊಂದು ಮನೆಯಲ್ಲಿದೆ ಎಂಬುದೇ ಆಪ್ತನಿಗೆ ಗೊತ್ತಿಲ್ಲ. ಅದು ದೊಡ್ಡ ಪ್ಯಾಕೇಜಿನ ಜೊತೆ ಬಂದಿದ್ದ ಸಂಬಲ್ ಪೊಟ್ಟಣಗಳನ್ನು ಹಂಚಿಕೊಂಡು ತಿನ್ನುತ್ತಿತ್ತು. ನೀನು ಅನ್ನವನ್ನು ಎಸೆದೆ. 'ಹಾಗಾದರೆ ಸಂಬಲ್ ಯಾರಿಗೆ ಬೇಕು?' ಎಂದು ಆಪ್ತ ಕೇಳಿದ. ಅವನ ಪಟ್ಟಿಯ ಪ್ರಕಾರ ಯಾರಿಗೂ ಬೇಡ. ಜೊತೆಗೆ ಬಂದದ್ದು ಎಂದು ಗುರುತು ಬಿದ್ದ ಮೇಲೆ ಅಷ್ಟೇ ಕಣೇ, ಅದು ಏನು ಕೆಲಸ ಮಾಡುತ್ತಿದೆ ಎಂದು ಯಾರೂ ನೋಡುವುದಿಲ್ಲ. ಕರೆತಂದವರು ಹೋದರೋ, ಅದೂ ಹೊರಡಬೇಕು.

ಈಗ ಮಾಡಬೇಕಾದ್ದು: sudo apt install ಎಂದು ಹೊಡೆದು, ಒಂದು ಜಾಗ ಬಿಟ್ಟು, ಫೋಟೋದಲ್ಲಿರುವ ಹೆಸರುಗಳನ್ನು ಒಂದರ ಪಕ್ಕ ಒಂದರಂತೆ ಬರೆ. ನಡುವೆ ಅಲ್ಪವಿರಾಮ ಬೇಡ. ದೊಡ್ಡ ಪ್ಯಾಕೇಜನ್ನು ಮತ್ತೆ ತರಿಸಬೇಕಾಗಿಲ್ಲ. ಈ ಸಲ ಇವನ್ನು ಹೆಸರು ಹಿಡಿದು ಕರೆದಿರುತ್ತೀಯ, ಆದ್ದರಿಂದ ಗುರುತು ಬದಲಾಗುತ್ತದೆ. ಮುಂದೆ ಯಾರು ಹೋದರೂ ಬಂದರೂ ಇವಕ್ಕೆ ಎದ್ದು ಹೋಗಿ ಎನ್ನುವವರಿಲ್ಲ.

ಇನ್ನೊಂದು. ಏನನ್ನಾದರೂ ತೆಗೆಯುವ ಮುಂಚೆ ಆಪ್ಟ್ ಆದ ಮೇಲೆ -s ಸೇರಿಸು. ಆಗ ಅದು ಮಾಡಿದಂತೆ ನಟಿಸುತ್ತದೆ ಅಷ್ಟೇ, ನಿಜವಾಗಿ ಮಾಡುವುದಿಲ್ಲ. ಇದನ್ನೆಲ್ಲ ಶಿಫಾಗೂ ಕಲಿಸು. ಜೂನ್ ಕೊನೆಗೆ ನಾವು ಹೊರಟ ಮೇಲೆ ಕೇಳಲು ನಾನು ಹತ್ತಿರದಲ್ಲಿರುವುದಿಲ್ಲ.

ವಿನೋದಾ


ಮೆಲಾಕಾ
1 ಮಾರ್ಚ್ 2025

ಎಣಿಕೆ ಶುರುವಾಯಿತು. ಶಿಫಾ ನಿನಗೆ ಥ್ಯಾಂಕ್ಸ್ ಹೇಳಿದ್ದಾಳೆ.

ಹೊರಟ ಮೇಲೆ ಅಂದರೆ? ಎಲ್ಲಿಗೆ? ನಿನ್ನ ಕೆಲಸ?

ಝು.


ಪೆಟಾಲಿಂಗ್ ಜಯಾ
2 ಮಾರ್ಚ್ 2025

ಝುಬೀ,

ಕೆಲಸ ಇಲ್ಲ. ದೀಪಾವಳಿಯಿಂದ ನಾನು -s ಹಾಕಿಕೊಂಡೇ ಓಡುತ್ತಿದ್ದೇನೆ. ಕೆಳಗಿರುವುದು ಫೆಬ್ರವರಿ ಹತ್ತರಂದು ಬರೆದು ಕಳಿಸದೆ ಇಟ್ಟ ಪತ್ರ. ಕೊನೆಯ ವಾಕ್ಯ ಪೂರ್ತಿಯಾಗಿಲ್ಲ, ನೀನೇ ಮಾಡಿಕೊ.

ನಿನಗೆ ರಂಜಾನ್ ಶುಭಾಶಯ. ಉಪವಾಸದ ಮೊದಲ ದಿನವೇ ಕೋಪ ಬರಿಸಿದ್ದಕ್ಕೆ ಕ್ಷಮಿಸು.

ವಿನೋದಾ


ಮೆಲಾಕಾ
3 ಮಾರ್ಚ್ 2025

ವಿನೂ,

ಉಪವಾಸದಲ್ಲಿ ಬೈಯಬಾರದು. ಆದ್ದರಿಂದ ನಿನಗೆ ಸಲ್ಲಬೇಕಾದ ಬೈಗುಳವನ್ನೆಲ್ಲ ಸಂಜೆಗೆ ಎತ್ತಿಟ್ಟು, ಖರ್ಜೂರ ಬಾಯಿಗಿಟ್ಟ ಕೂಡಲೇ ನಝೀರ್ ಮುಂದೆ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಪಾಪ, ಅವರಿಗೆ ಖರ್ಜೂರ ನೆತ್ತಿಗೇರಿತು.

ನಾನೂ ಪೆದ್ದಿಯೇ. ಪತ್ರಕ್ಕೆ ಅಷ್ಟು ಬೇಗ ಉತ್ತರ ಬರುತ್ತಿತ್ತು, ಅದೂ ಕೆಲಸದ ದಿನ, ಹಾಡುಹಗಲು. ಗಾಜಿನ ಕಟ್ಟಡದವರು ಸಂಬಲ್ ಬಗ್ಗೆ ಅಷ್ಟು ಉದ್ದ ಬರೆಯುತ್ತಾರೆಯೇ ಎಂದು ಒಮ್ಮೆಯೂ ಅನ್ನಿಸಲಿಲ್ಲ.

ಈಗ ಕೇಳು. ಕೆಲಸ ನಾನು ಕೊಡಿಸುವುದಲ್ಲ, ಕೊಡಿಸಲು ಆಗುವುದೂ ಇಲ್ಲ. ನೀನು ನನ್ನ ಗೆಳತಿ ಎಂದು ಮುಖ್ಯಸ್ಥರಿಗೆ ಹೇಳಿ ಸಂದರ್ಶನದ ಮಂಡಳಿಯಿಂದ ಹೊರಗೆ ಬಂದಿದ್ದೇನೆ. ನಿನ್ನ ಪ್ರಶ್ನೆಯನ್ನೂ ಪಟ್ಟಿಯಿಂದ ತೆಗೆಸಿದ್ದೇನೆ, ಉತ್ತರ ನಿನ್ನ ಹತ್ತಿರವೇ ಇದೆ. ಇನ್ನಿಬ್ಬರು ಅರ್ಜಿ ಹಾಕಿದ್ದಾರೆ, ಇಬ್ಬರೂ ಚುರುಕು. ನಿನಗೆ ಸಿಗದೆಯೂ ಹೋಗಬಹುದು.

ಆದರೂ ನಾನು ನಿನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದೇನೆ. ಕಾರ್ತಿಕ್ ಅವರ ಹೆಂಡತಿಯನ್ನಲ್ಲ, ಧನು ಅಮ್ಮನನ್ನಲ್ಲ. ವಿನೋದಾ, ಅರ್ಜಿ ಹಾಕು. ಹೌದು, ನಾನು ಹೇಳಿದಂತೆ ಮಾಡು!

ಝುಬೇದಾ


ಪೆಟಾಲಿಂಗ್ ಜಯಾ
12 ಏಪ್ರಿಲ್ 2025

ಝುಬೀ,

ಸಂದರ್ಶನದ ಬಗ್ಗೆ ಮುಗಿಯುವವರೆಗೆ ಮಾತಾಡುವುದು ಬೇಡವೆಂದಿದ್ದೆ. ಈಗ ಹೇಳುತ್ತೇನೆ. ಕೆಡಿಸಿಕೊಂಡು ಬಂದೆ.

ಮೊದಲ ಪ್ರಶ್ನೆ, "ಆರು ವರ್ಷ ಏನು ಮಾಡಿದಿರಿ?" ಹೇಳಲು ಒಳ್ಳೊಳ್ಳೆಯ ಚಟಾಕಿಗಳನ್ನು ಬಸ್ಸಿನಲ್ಲೇ ಹೊಸೆದುಕೊಂಡು ಬಂದಿದ್ದೆ. ಒಂದೂ ಬಾಯಿಗೆ ಬರಲಿಲ್ಲ. "ಕೆಲಸ ಮಾಡಲು ಅನುಮತಿ ಇರಲಿಲ್ಲ, ಕಲಿಯುವುದನ್ನು ಬಿಟ್ಟಿರಲಿಲ್ಲ" ಎಂದೆ. ಅವರು ಬರೆದುಕೊಂಡರು. ಏನು ಬರೆದುಕೊಂಡರೋ.

ಆಮೇಲೆ ನಿನ್ನ ಲ್ಯಾಬಿನ ಆ ಕಂಪ್ಯೂಟರಿನ ಮುಂದೆಯೇ ಕೂರಿಸಿ, "ಇದರಲ್ಲಿ ಬೇಡದ್ದನ್ನು ತೆಗೆದು ಜಾಗ ಮಾಡಿ, ಇಪ್ಪತ್ತು ನಿಮಿಷ" ಎಂದರು. ನನಗಿಂತ ಮುಂಚೆ ಬಂದಿದ್ದ ಹುಡುಗ ಬೇಗನೆ ಮುಗಿಸಿ ನಗುತ್ತ ಹೋದ. ಯಂತ್ರವನ್ನು ಮತ್ತೆ ಮೊದಲಿನಂತೆ ಮಾಡಿ ನನಗೆ ಕೊಟ್ಟರು. ನಾನು -s ಹಾಕಿ ಒಂದು ಪಟ್ಟಿ ತೆಗೆದೆ. ನೋಡಿದರೆ ಕೈಯೇ ಓಡಲಿಲ್ಲ. ಎದ್ದು ಪಕ್ಕದ ಕೋಣೆಗೆ ಹೋಗಿ ಅಲ್ಲಿದ್ದ ಹುಡುಗರನ್ನು, "ಇದು ನೀವು ಬಳಸ್ತೀರಾ? ಇದು?" ಎಂದು ಕೇಳುತ್ತ ಕೂತೆ. ಒಬ್ಬಳು, "ಆಂಟಿ, ಯು ಆರ್ ದಿ ಸಂಬಲ್ ಆಂಟಿ ಆ?" ಎಂದಳು. ಶಿಫಾ ಇರಬೇಕು. ವಾಪಸ್ ಬರುವಷ್ಟರಲ್ಲಿ ಸಮಯ ಮುಗಿಯುತ್ತ ಬಂದಿತ್ತು. ಒಂದೇ ಒಂದು ಪ್ಯಾಕೇಜ್ ತೆಗೆದೆ.

ಧನು ತನ್ನ ಪುಸ್ತಕಗಳನ್ನು ಪೆಟ್ಟಿಗೆಗೆ ಹಾಕಲು ಶುರು ಮಾಡಿದ್ದಾಳೆ.

ವಿ.


ಮೆಲಾಕಾ
22 ಏಪ್ರಿಲ್ 2025

ವಿನೂ,

ಪುಸ್ತಕ ಪೆಟ್ಟಿಗೆಯಲ್ಲೇ ಇರಲಿ, ವಿಳಾಸ ಮಾತ್ರ ಮೆಲಾಕಾ ಎಂದು ಬರೆಯಲಿ.

ಕಾಲೇಜಿನ ಪತ್ರ ನಾಳೆ ನಿನಗೆ ಬರುತ್ತದೆ. ಮುಖ್ಯಸ್ಥರು ಈಗಷ್ಟೇ ನನ್ನ ಕೋಣೆಗೆ ಬಂದು ಹೇಳಿ ಹೋದರು. ಆ ಚುರುಕು ಹುಡುಗ ಬೇಕಾದಷ್ಟು ಜಾಗ ಮಾಡಿಕೊಟ್ಟನಂತೆ. ಅವನು ಹೋದ ಮೇಲೆ ನೋಡಿದರೆ, ಆಪ್ತನ ಪಟ್ಟಿಯಲ್ಲಿಲ್ಲವೆಂದು ಎಣಿಕೆಯ ಪ್ರೋಗ್ರಾಮನ್ನೂ ಕೈಯಾರೆ ಅಳಿಸಿದ್ದನಂತೆ. ಯಂತ್ರವನ್ನು 'ಮತ್ತೆ ಮೊದಲಿನಂತೆ' ಮಾಡಿದ್ದು ಅದಕ್ಕೇ. ಇನ್ನೊಬ್ಬಾಕೆ ಸಂದರ್ಶನಕ್ಕೆ ಬರಲಿಲ್ಲ. "ಏನನ್ನಾದರೂ ತೆಗೆಯುವ ಮುಂಚೆ ಬಳಸುವವರನ್ನು ಕೇಳಿದ್ದು ನಿಮ್ಮ ಗೆಳತಿ ಒಬ್ಬರೇ" ಎಂದರು. ಕೆಡಿಸಿಕೊಂಡು ಬಂದೆಯಂತೆ. ನಿನ್ನ ತಲೆ.

ಪಾಸು ಬರುವವರೆಗೆ ಕುಣಿಯಬೇಡ. ಬಂದ ಮೇಲೆ ಕುಣಿ.

ಝುಬೇದಾ


ಪೆಟಾಲಿಂಗ್ ಜಯಾ
6 ಜೂನ್ 2025

ಪ್ರಿಯ ಝುಬೀ,

ನಾಳೆಯ ಬಕ್ರೀದ್ ಹಬ್ಬಕ್ಕೆ ನಿನಗೂ ನಝೀರ್ ಅವರಿಗೂ ಶುಭಾಶಯ. ನಮ್ಮ ಹಬ್ಬ ಈ ದಿನವೇ ಆಯಿತು. ಪಾಸು ಮಂಜೂರಾಗಿದೆ. ಅದರಲ್ಲಿ ನನ್ನ ಹೆಸರಿದೆ, ಕೆಳಗೆ ನಿನ್ನ ಕಾಲೇಜಿನ ಹೆಸರಿದೆ. ನಡುವೆ ಇನ್ಯಾರೂ ಇಲ್ಲ. ಎರಡು ಸಲ ಓದಿದೆ. ಓದದೆ ವೈ ಒತ್ತಬಾರದಲ್ಲ.

ಕಾರ್ತಿಕ್ ಇನ್ನು ಮೇಲೆ ನನ್ನ ಅವಲಂಬಿತ. ಧನುವಿನದೂ ನನ್ನ ಪಾಸಿನ ಮೇಲೆಯೇ. ಮೆಲಾಕಾದಲ್ಲಿ ಕೆಲಸ ಸಿಗುವವರೆಗೆ ಅಡುಗೆ ಅವನದು, ಈಗಾಗಲೇ ಅಭ್ಯಾಸ ನಡೆದಿದೆ, ಪಕ್ಕದ ಮನೆಯ ತಮಿಳರು ಎರಡು ಸಲ ಬಂದು ಏನು ಸುಟ್ಟಿತೆಂದು ವಿಚಾರಿಸಿಕೊಂಡು ಹೋಗಿದ್ದಾರೆ. ಈ ದಿನ ಮಾತ್ರ ಅವನನ್ನು ಒಲೆಯ ಹತ್ತಿರ ಬಿಡದೆ ಕೆಳಗಿನ ಮಾಮಾಕ್‌ನಿಂದ ಮೂರು ನಾಸಿ ಲೆಮಾಕ್ ತಪಾವ್ ತರಿಸಿದೆವು. ಪೊಟ್ಟಣ ಬಿಚ್ಚುತ್ತ ನಾನು ಧನುಗೆ ಪಾಸಿನ ಹೊಸ ಏರ್ಪಾಡನ್ನು ವಿವರಿಸಿದೆ. ಅವಳು ತಿನ್ನುವುದನ್ನು ನಿಲ್ಲಿಸಿ ಅಪ್ಪನ ಕಡೆ ನೋಡಿದಳು.

"ಸೋ ನೌ ಅಪ್ಪ ಈಸ್ ದ ಸಂಬಲ್?"

ಕಾರ್ತಿಕ್ ಕೈ ಚಾಚಿ ಅವಳ ಎಲೆಯ ಮೇಲಿದ್ದ ಸಂಬಲ್ ಪೊಟ್ಟಣವನ್ನು ಎತ್ತಿ ತನ್ನ ಜೇಬಿಗೆ ಹಾಕಿಕೊಂಡ.

"ಈಗ ತಿನ್ನು ನೋಡೋಣ" ಎಂದ.

ಅವಳು ಒಂದು ತುತ್ತು ತಿಂದಳು. ಎರಡನೆಯದನ್ನು ಕೈಯಲ್ಲೇ ಹಿಡಿದು ಕೂತಳು. ಆಮೇಲೆ, ಝುಬೀ, ಆರು ವರ್ಷದಲ್ಲಿ ಮೊದಲ ಸಲ, ಯಾರೂ ಬಲವಂತ ಮಾಡದೆ, ಅಚ್ಚ ಕನ್ನಡದಲ್ಲಿ ಹೇಳಿದಳು:

"ಅಪ್ಪಾ, ಪ್ಲೀಸ್, ವಾಪಸ್ ಹಾಕು ಲಾ."

ನಿನ್ನ
ವಿನೋದಾ